ಸುಣ್ಣ-ಕಾರಣೆಯ ಗೋಡೆಗೆ ಡಬ್ಬದ ಬಣ್ಣ

ಯುಗಾದಿ ಸಮೀಪಿಸಿದಾಗ, ಊರ ಮಾರಮ್ಮನ ಹಬ್ಬ ಸಾರಿದಾಗ, ಮನೆಯಲ್ಲೊಂದು ಮದುವೆ ಗೊತ್ತಾದಾಗ ಗೃಹಸ್ಥರಿಗೆ ಮೊದಲು ನೆನಪಾಗುವುದು ಮನೆಯ ಹೊರಗೋಡೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಬೆಟ್ಟದಡಿಯ ಹಳ್ಳಿಗಳಲ್ಲಿ ಒಂದೆರಡು ತಲೆಮಾರುಗಳ ಹಿಂದೆ ಈ ಕೆಲಸಕ್ಕೆ 'ಸುಣ್ಣ-ಕಾರಣೆ' ಎಂಬ ಒಂದೇ ಹೆಸರಿತ್ತು. ಗೋಡೆಗೆ ಸುಣ್ಣ, ಗೋಡೆಯ ಬುಡಕ್ಕೂ ಬಾಗಿಲ ಸುತ್ತಿಗೂ ಕೆಮ್ಮಣ್ಣಿನ ಕಾರಣೆ, ಜಗಲಿಗೆ ಸೆಗಣಿಯ ಸಾರಣೆ. ಇಂದು ಅದೇ ಹಳ್ಳಿಗಳ ಯುವಕರು ಪಟ್ಟಣದ ಅಂಗಡಿಯಲ್ಲಿ ಬಣ್ಣಗಳ ಪಟ್ಟಿಯನ್ನು ಬಿಡಿಸಿ ಕೂರುತ್ತಾರೆ. ಬೆರಳಿಟ್ಟು ತೋರಿಸಿದ ಬಣ್ಣವನ್ನು ಯಂತ್ರವು ಕೆಲವೇ ನಿಮಿಷಗಳಲ್ಲಿ ಬೆರೆಸಿ ಕೊಡುತ್ತದೆ. ಯಾವ ಬಣ್ಣ ಬೇಕು ಎಂಬ ಪ್ರಶ್ನೆಯನ್ನು ಅಂಗಡಿಯವರು ಕೇಳುತ್ತಾರೆ. ಗೋಡೆ ಮಣ್ಣಿನದೋ, ಕಲ್ಲಿನದೋ, ಸಿಮೆಂಟಿನದೋ ಎಂದು ಕೇಳುವವರು ಅಪರೂಪ. ಬಣ್ಣಕ್ಕಿಂತ ಮೊದಲು ಕೇಳಬೇಕಾದ ಈ ಪ್ರಶ್ನೆಯನ್ನು ಕೇಳದೆ ಬಿಟ್ಟದ್ದರಿಂದಲೇ ಎಷ್ಟೋ ಹಳೆಯ ಮನೆಗಳ ಗೋಡೆಗಳು ಹಾಳಾಗುತ್ತಿವೆ.

ಈ ನಾಲ್ಕೂ ತಾಲ್ಲೂಕುಗಳ ನೆಲದಡಿಯಿರುವುದು ಬಹುಪಾಲು ಗ್ರಾನೈಟ್. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯನ್ನೇ ಭೂವಿಜ್ಞಾನಿಗಳು ಈ ಶಿಲೆಗೆ ಇಟ್ಟಿದ್ದಾರೆ. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಕ್ಲೋಸ್‌ಪೇಟೆ ಗ್ರಾನೈಟ್ ಸವೆದು ಸವೆದು ಕೆಮ್ಮಣ್ಣಾಗಿದೆ. ಮನೆಗಳೂ ಇದೇ ನೆಲದಿಂದ ಎದ್ದವು. ಸೀಳಿದ ಚಪ್ಪಡಿ, ಕೆಸರುಮಣ್ಣಿನಲ್ಲಿ ಕೂರಿಸಿದ ಕಾಡುಗಲ್ಲು, ತುಳಿದು ಹದ ಮಾಡಿದ ಮಣ್ಣಿನ ಗೋಡೆ, ಮೇಲೆ ನಾಡ ಹೆಂಚು. ಇಂಥ ಗೋಡೆಗೆ ತಳಪಾಯದಲ್ಲಿ ತೇವವನ್ನು ತಡೆಯುವ ಸಿಮೆಂಟಿನ ಪಟ್ಟಿ ಇರುವುದಿಲ್ಲ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಮಣ್ಣಿನ ಗೋಡೆಯು ನೆಲದ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಮೊಣಕಾಲೆತ್ತರದವರೆಗೂ ತೇವವೇರುವುದು ಸಾಮಾನ್ಯ. ಎಳೆದುಕೊಂಡ ನೀರು ಬಿಸಿಲು ಗಾಳಿಗೆ ಆವಿಯಾಗಿ ಹೊರಹೋಗಲು ದಾರಿಯಿದ್ದರೆ ಗೋಡೆಗೆ ಬಾಧೆಯಿಲ್ಲ. ನೂರು ವರ್ಷ ದಾಟಿದ ಮಣ್ಣಿನ ಮನೆಗಳು ನಿಂತಿರುವುದು ನೀರನ್ನು ತಡೆದು ಅಲ್ಲ, ಅದನ್ನು ಹೋಗಗೊಟ್ಟು.

ಸುಣ್ಣ ಆ ದಾರಿಯನ್ನು ಮುಚ್ಚುವುದಿಲ್ಲ. ಇದನ್ನು ತಿಳಿಯಲು ರಸಾಯನಶಾಸ್ತ್ರದ ಹೈಸ್ಕೂಲು ಪಾಠವೇ ಸಾಕು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ, ನೂರು ಕಿಲೋ ಶುದ್ಧ ಕಲ್ಲಿನಿಂದ 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬಿದ್ದು 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದಾಗ ಅದು ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮರಳಿ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲೇ ಆಗುತ್ತದೆ. ಗೋಡೆಯ ಮೇಲೆ ಉಳಿಯುವುದು ಕಾಗದಕ್ಕಿಂತ ತೆಳುವಾದ, ಸಣ್ಣ ರಂಧ್ರಗಳುಳ್ಳ ಒಂದು ಕಲ್ಲಿನ ಪದರ. ಆವಿ ಅದರ ಮೂಲಕ ಹಾದುಹೋಗಬಲ್ಲುದು. ಸುಡಲು ಬಳಸಿದ ಸೌದೆ ಅಥವಾ ಕಲ್ಲಿದ್ದಲಿನ ಹೊಗೆ ಮಾತ್ರ ಮರಳಿ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಸುಣ್ಣವೆಂದರೆ ಪರಿಸರಕ್ಕೆ ಕಿಂಚಿತ್ತೂ ಭಾರವಿಲ್ಲವೆಂದು ಸಾರುವ ಪರಿಸರಪ್ರೇಮಿಗಳು ಒಮ್ಮೆ ಸುಣ್ಣದ ಗೂಡಿನ ಬಳಿ ನಿಂತು ಬರುವುದು ಒಳಿತು.

ಡಬ್ಬದ ಬಣ್ಣದ ಬಗೆಯೇ ಬೇರೆ. ಎಮಲ್ಶನ್ ಎಂದು ಮಾರುವ ಬಣ್ಣವು ನೀರಿನಲ್ಲಿ ತೇಲುವ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳ ಮಿಶ್ರಣ. ನೀರು ಆರಿದೊಡನೆ ಆ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಗೋಡೆಯ ಮೇಲೆ ಒಂದು ತೆಳು ಹಾಳೆಯಾಗುತ್ತವೆ. ಸಿಮೆಂಟ್ ಗಾರೆಯ ಮೇಲೆ ಈ ಹಾಳೆ ಚೆನ್ನಾಗಿಯೇ ಕೂರುತ್ತದೆ, ಮಳೆಯನ್ನು ತಡೆಯುತ್ತದೆ, ಐದಾರು ವರ್ಷ ಬಾಳುತ್ತದೆ. ಮಣ್ಣಿನ ಗೋಡೆಯ ಮೇಲೆ ಅದರ ಕಥೆ ಬೇರೆ. ಮೊದಲ ವರ್ಷ ಮನೆ ಮದುವಣಗಿತ್ತಿಯಂತೆ ಹೊಳೆಯುತ್ತದೆ. ಎರಡನೆಯ ಮಳೆಗಾಲದಲ್ಲಿ ಗೋಡೆಯ ಬುಡದಲ್ಲಿ ಗುಳ್ಳೆಗಳು ಏಳುತ್ತವೆ. ಗುಳ್ಳೆ ಒಡೆದರೆ ಒಳಗೆ ಉಪ್ಪಿನ ಬಿಳಿ ಪುಡಿ, ಅದರ ಹಿಂದೆ ಹಿಟ್ಟಾದ ಮಣ್ಣು. ಮೂರನೆಯ ವರ್ಷ ಬಣ್ಣವು ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ, ಉದುರುವಾಗ ಮಣ್ಣನ್ನೂ ಕಿತ್ತುಕೊಂಡೇ ಬರುತ್ತದೆ. ಮನೆಯ ಯಜಮಾನ ಬಣ್ಣ ಬಳಿದವನನ್ನು ಶಪಿಸುತ್ತಾನೆ. ಬಳಿದವನು ಪ್ರೈಮರ್ ಹಾಕಲಿಲ್ಲವೆಂದು ಯಜಮಾನನನ್ನೇ ದೂರುತ್ತಾನೆ. ಮುಂದಿನ ಹಬ್ಬಕ್ಕೆ ಪುಟ್ಟಿ, ಪ್ರೈಮರ್, ತೇವನಿರೋಧಕ ಎಂದು ಇನ್ನೂ ಮೂರು ಪದರ ಏರುತ್ತದೆ. ಅಷ್ಟಾದ ಮೇಲೂ ಗೋಡೆ ತಾಳದಿದ್ದಾಗ 'ಮಣ್ಣಿನ ಮನೆ ಇನ್ನು ಸಾಕು, ಕೆಡವಿ ಕಟ್ಟೋಣ' ಎಂಬ ಮಾತು ಹುಟ್ಟುತ್ತದೆ. ಕೆಟ್ಟದ್ದು ಮಣ್ಣಿನಿಂದಲ್ಲ, ಅದರ ಮೇಲಿನ ಹಾಳೆಯಿಂದ ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮೆತ್ತಿಸಿ ಅದರ ಮೇಲೆ ಬಣ್ಣ ಬಳಿಸುವವರ ಪಾಡೂ ಇದೇ. ಗಾರೆಯು ಹಲಗೆಯಂತೆ ಬೇರ್ಪಟ್ಟು ನಿಲ್ಲುತ್ತದೆ, ಹಿಂದಿನಿಂದ ಇಲಿ ಹೆಗ್ಗಣಗಳಿಗೆ ದಾರಿಯಾಗುತ್ತದೆ.

ಈ ಸೀಮೆಯಲ್ಲಿ ಹೊರಗೋಡೆಯ ಬಣ್ಣಕ್ಕೂ ಮನೆಯ ಸಂಪಾದನೆಗೂ ನೇರ ನಂಟಿದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ರಾಮನಗರದಲ್ಲಿದೆ. ಅಲ್ಲಿಗೆ ಗೂಡು ಹೊತ್ತು ತರುವ ಸಣ್ಣ ಬೆಳೆಗಾರರಲ್ಲಿ ಎಷ್ಟೋ ಮಂದಿಗೆ ಪ್ರತ್ಯೇಕ ಹುಳುಮನೆಯಿಲ್ಲ. ವಾಸದ ಮನೆಯ ನಡುಮನೆಯಲ್ಲೇ ತಟ್ಟೆಗಳು, ಅಂಗಳದಲ್ಲೇ ಚಂದ್ರಿಕೆಗಳು. ರೇಷ್ಮೆಹುಳು ಶಾಖವನ್ನು ಸಹಿಸದು. ಮರಿಹುಳುವಿಗೆ 26ರಿಂದ 28 ಡಿಗ್ರಿ, ನಾಲ್ಕನೆಯ ಜ್ವರ ಕಳೆದ ಹುಳುವಿಗೆ 24-25 ಡಿಗ್ರಿಯ ಆಸುಪಾಸು ಹಿತ. ಅದನ್ನು ಮೀರಿ ಸೆಕೆ ಏರಿದರೆ ಹುಳು ಸೊಪ್ಪು ಬಿಡುತ್ತದೆ, ಸಪ್ಪೆ ರೋಗ, ಹಾಲು ರೋಗ ಕಾಲಿಡುತ್ತವೆ. ಒಂದು ಬೆಳೆ ಹೋದರೆ ಒಂದು ತಿಂಗಳ ದುಡಿಮೆಯೂ ಮೊಟ್ಟೆಯ ಸಾಲವೂ ಹೋದಂತೆ. ಹೀಗಿರುವಾಗ ಪಶ್ಚಿಮದ ಬಿಸಿಲು ಬೀಳುವ ಗೋಡೆಗೆ ಕಡುಕೆಂಪು, ಕಡುಹಸಿರು, ನೇರಳೆ ಬಳಿಯುವುದೆಂದರೆ ಬಿಸಿಲನ್ನು ಹುಳುವಿನ ತಟ್ಟೆಗೆ ಕರೆದಂತೆ. ಬಿಳಿಯ ಗೋಡೆ ಬಿಸಿಲಿನ ದೊಡ್ಡ ಪಾಲನ್ನು ಹಿಂದಕ್ಕೆ ಎಸೆಯುತ್ತದೆ, ಕಡುಬಣ್ಣದ ಗೋಡೆ ಅದನ್ನು ಹೀರಿ ರಾತ್ರಿಯಿಡೀ ಒಳಗೆ ಬಿಡುತ್ತದೆ. 2013ರಲ್ಲಿ ಬಿಸಿಗಾಳಿಯನ್ನೆದುರಿಸುವ ಯೋಜನೆ ರೂಪಿಸಿದ ಅಹಮದಾಬಾದ್ ನಗರವು 2017ರಿಂದ ಬಡವರ ಮನೆಗಳ ಸೂರಿಗೆ ಬಿಳಿಯ ಸುಣ್ಣ ಬಳಿಸತೊಡಗಿತು. ಇದರಿಂದ ಒಳಗಿನ ಶಾಖ ಎರಡರಿಂದ ಐದು ಡಿಗ್ರಿಯಷ್ಟು ಇಳಿಯಬಲ್ಲುದೆಂದು ಅಂದಾಜಿಸಲಾಗಿದೆ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಚಾವಣಿಗಾಗಿಯೇ ಒಂದು ನೀತಿಯನ್ನು ಹೊರಡಿಸಿತು. ಶೀಟಿನ ಚಾವಣಿಯ ಹುಳುಮನೆಗಳ ಮಾಲೀಕರು ಈ ಮಾತನ್ನು ಗೋಡೆಗಿಂತ ಮೊದಲು ಸೂರಿಗೆ ಅನ್ವಯಿಸಿ ನೋಡಬಹುದು.

ಸುಣ್ಣಕ್ಕೂ ಹುಳುವಿಗೂ ಇರುವ ನಂಟು ಶಾಖದಲ್ಲೇ ಮುಗಿಯುವುದಿಲ್ಲ. ಹುಳು ಜ್ವರಕ್ಕೆ ಕೂತಾಗ ತಟ್ಟೆಯನ್ನು ಒಣಗಿಸಲು ಬೆಳೆಗಾರರು ಅರಳಿದ ಸುಣ್ಣದ ಪುಡಿಯನ್ನೇ ಉದುರಿಸುತ್ತಾರೆ. ಒಂದು ಬೆಳೆ ಮುಗಿದ ಮೇಲೆ ಹುಳುಮನೆಯ ಸೋಂಕು ಕಳೆಯಲು ಸೂಚಿಸಲಾಗುವ ದ್ರಾವಣವು ನೂರಕ್ಕೆ ಎರಡರಷ್ಟು ಬ್ಲೀಚಿಂಗ್ ಪುಡಿ ಮತ್ತು ನೂರಕ್ಕೆ 0.3ರಷ್ಟು ಅರಳಿದ ಸುಣ್ಣದ ನೀರು. ಈ ದ್ರಾವಣವನ್ನು ಸುಣ್ಣದ ಗೋಡೆಗೆ ಹೊಡೆದರೆ ಗೋಡೆಗೆ ಏನೂ ಆಗದು. ಹುಳು ಸತ್ತು ಸೀಮೆಸುಣ್ಣದ ಕಡ್ಡಿಯಂತೆ ಬೆಳ್ಳಗೆ ಬಿರುಸಾಗುವ ರೋಗಕ್ಕೆ ಹಳ್ಳಿಯ ಜನ ಸುಣ್ಣಕಟ್ಟು ಎಂದೇ ಹೆಸರಿಟ್ಟಿದ್ದಾರೆ. ಆ ಬೂಷ್ಟಿನ ರೋಗಕ್ಕೆ ಬೇಕಾದದ್ದು ತಂಪು ಮತ್ತು ತೇವ. ಆವಿ ಹೊರಹೋಗದೆ ಒಳಮುಖವಾಗಿ ಬೆವರುವ ಗೋಡೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಇನ್ನು ಎನಾಮೆಲ್, ಟರ್ಪೆಂಟೈನ್‌ಗಳ ಘಾಟು ಹುಳುವಿಗೆ ಆಗದೆಂಬುದನ್ನು ಯಾವ ಬೆಳೆಗಾರನಿಗೂ ಹೇಳಿಕೊಡಬೇಕಿಲ್ಲ. ಅಗರಬತ್ತಿ, ಹೊಗೆಸೊಪ್ಪನ್ನೂ ಹುಳುಮನೆಯ ಬಳಿ ಬಿಡದ ಜನರವರು. ಹಾಗಿದ್ದೂ ಹಬ್ಬದ ಅವಸರದಲ್ಲಿ ಹುಳು ತಟ್ಟೆಯಲ್ಲಿರುವಾಗಲೇ ಕಿಟಕಿಗೆ ಬಣ್ಣ ಬಳಿಸಿಬಿಡುವುದುಂಟು.

ಇಷ್ಟೆಲ್ಲ ಗುಣವಿದ್ದ ಸುಣ್ಣವನ್ನು ಜನ ಯಾಕೆ ಬಿಟ್ಟರು? ಜಾಗತೀಕರಣ, ಜಾಹೀರಾತು, ಕೊಳ್ಳುಬಾಕತನ ಎಂಬ ಸಿದ್ಧ ಉತ್ತರಗಳಿವೆ. ಅವು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಸುಣ್ಣ ಬಳಿಯುವುದು ವರ್ಷ ವರ್ಷದ ಕೂಲಿಯಿಲ್ಲದ ದುಡಿಮೆಯಾಗಿತ್ತು. ಅದನ್ನು ಮಾಡಿದವರು ಬಹುತೇಕ ಹೆಂಗಸರು. ಬೆಟ್ಟದ ಮಗ್ಗುಲಿನಿಂದ ಕೆಮ್ಮಣ್ಣು ಹೊತ್ತು ತರುವುದು, ಸುಣ್ಣ ಅರಳಿಸುವುದು, ಸೋಸುವುದು, ಕತ್ತಾಳೆ ನಾರಿನ ಕುಂಚ ಹಿಡಿದು ಏಣಿಯೇರುವುದು. ಸುಣ್ಣ ತಿಂದ ಬೆರಳ ಸಂದುಗಳು ವಾರಗಟ್ಟಲೆ ಉರಿಯುತ್ತಿದ್ದವು. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗುವ ಅಪಾಯವಿತ್ತು. ಐದು ವರ್ಷ ಈ ಕೆಲಸದಿಂದ ಬಿಡುಗಡೆ ಕೊಡುವ ಒಂದು ಡಬ್ಬ ಬಣ್ಣವನ್ನು ಆ ತಾಯಂದಿರು ಬಯಸಿದರೆ ಅದನ್ನು ಅಜ್ಞಾನವೆನ್ನಲು ಯಾರಿಗೂ ಅಧಿಕಾರವಿಲ್ಲ.

ಇದಕ್ಕಿಂತ ಆಳವಾದ ಇನ್ನೊಂದು ಕಾರಣವಿದೆ. ಮೇಲುಕೇರಿಯ ಮನೆಗಳಿಗೆ ಹೆಂಚು, ಕಂಬ, ಕಾರಣೆ ಎಲ್ಲ ಇದ್ದ ಕಾಲದಲ್ಲಿ ಊರ ಹೊರಗಿನ ಕೇರಿಗೆ ಹುಲ್ಲಿನ ಸೂರು, ಬರಿಮಣ್ಣಿನ ಗೋಡೆ. ಮುಂದೆ ಜನತಾ ಮನೆ, ಆಶ್ರಯ ಮನೆಗಳು ಬಂದಾಗಲೂ ಗಾರೆಯ ಬೂದುಬಣ್ಣದಲ್ಲೇ ಅವು ಎಷ್ಟೋ ವರ್ಷ ನಿಂತಿದ್ದವು. ಅಂಥ ಮನೆಯ ಮಗ ಬೆಂಗಳೂರಿನಲ್ಲೋ ಬಿಡದಿಯ ಕಾರ್ಖಾನೆಯಲ್ಲೋ ದುಡಿದು ಬಂದು ತನ್ನ ಮನೆಗೆ ಗಿಳಿಹಸಿರೋ ಕಡುಗುಲಾಬಿಯೋ ಬಳಿಸಿದರೆ, ಅದು ಊರಿಗೆಲ್ಲ ಕಾಣುವಂತೆ ಎದ್ದು ನಿಂತ ಮಾತು. ಕಣ್ಣಿಗೆ ಚುಚ್ಚುವ ಬಣ್ಣವೆಂದು ಮೂಗು ಮುರಿಯುವವರು ಮೊದಲು ಆ ಗೋಡೆಯ ಹಿಂದಿನ ಚರಿತ್ರೆಯನ್ನು ಓದಬೇಕು. ಆ ಮನೆಗಳು ಹೆಚ್ಚಾಗಿ ಸಿಮೆಂಟ್ ಇಟ್ಟಿಗೆಯವು, ಎಮಲ್ಶನ್ ಅವಕ್ಕೆ ಕೇಡು ಮಾಡದು. ಆದುದರಿಂದ ಹಳ್ಳಿಯೆಲ್ಲ ಬಿಳಿಯ ಸುಣ್ಣಕ್ಕೆ ಮರಳಬೇಕೆಂಬುದು ಇಲ್ಲಿನ ವಾದವಲ್ಲ. ಮಣ್ಣಿನ, ಕಲ್ಲಿನ ಗೋಡೆಗೆ ಸುಣ್ಣವನ್ನೇ ಬಳಿಯಬೇಕು. ಸಿಮೆಂಟಿನ ಗೋಡೆಗೆ ಮನೆಯವರ ಮನಸ್ಸಿಗೆ ಬಂದ ಬಣ್ಣವಿರಲಿ, ಬಿಸಿಲ ಕಡೆಯ ಗೋಡೆಗೆ ಮಾತ್ರ ತಿಳಿಬಣ್ಣವಿರಲಿ.

ಹೊರಗೋಡೆಯ ಬಣ್ಣದ ಡಬ್ಬದಲ್ಲಿ ಪಾಚಿ, ಬೂಷ್ಟು ಹಿಡಿಯದಂತೆ ತಡೆಯುವ ವಿಷವೂ ಇರುತ್ತದೆ. ಅಂಥ ರಾಸಾಯನಿಕಗಳು ಪ್ರತಿ ಮಳೆಗೂ ಗೋಡೆಯಿಂದ ಇಷ್ಟಿಷ್ಟೇ ತೊಳೆದುಹೋಗಿ ಹೊಳೆ ಸೇರುವುದನ್ನು ಯೂರೋಪಿನ ಸಂಶೋಧಕರು ದಾಖಲಿಸಿದ್ದಾರೆ. ಅವುಗಳಲ್ಲಿ ಒಂದಾದ ಡಯುರಾನ್ ಹೊಲದಲ್ಲಿ ಕಳೆ ಕೊಲ್ಲಲೂ ಬಳಕೆಯಾಗುವ ವಸ್ತು. ವೃಷಭಾವತಿಯು ಬೆಂಗಳೂರಿನ ಕೊಳಚೆಯನ್ನು ಹೊತ್ತು ತಂದು ಅರ್ಕಾವತಿಗೆ ಸುರಿಯುತ್ತಿರುವಾಗ ಹಳ್ಳಿಯ ಗೋಡೆಗಳಿಂದ ಜಾರುವ ಈ ಹನಿ ದೊಡ್ಡದೇನಲ್ಲ, ನಿಜ. ಆದರೆ ಕುಂಚ, ಬಕೆಟ್ಟುಗಳನ್ನು ಬಾವಿಕಟ್ಟೆಯ ಮೇಲೋ ಕೆರೆಯ ಅಂಚಿನಲ್ಲೋ ತೊಳೆಯುವ ಅಭ್ಯಾಸ ಊರಿನದೇ. ಖಾಲಿಯಾದ ಇಪ್ಪತ್ತು ಲೀಟರಿನ ಡಬ್ಬವನ್ನು ಕುಡಿಯುವ ನೀರಿಗೆ ಇಟ್ಟುಕೊಳ್ಳುವುದೂ ಊರಿನದೇ ಅಭ್ಯಾಸ. ಅದು ಗಿಡಕ್ಕೆ ನೀರು ಹಾಕಲು, ಸೆಗಣಿ ಹೊರಲು ಯೋಗ್ಯ, ಅಷ್ಟೇ.

ಇನ್ನು ಹೊಸ್ತಿಲಿನ ವಿಚಾರ. ಗೋಡೆಗಿಂತ ಇದು ಚಿಕ್ಕದು, ಅಪಾಯದಲ್ಲಿ ದೊಡ್ಡದು. ಹೊಸ್ತಿಲಿಗೆ ದಿನವೂ ಅರಿಸಿನ ಬಳಿದು, ಕುಂಕುಮವಿಟ್ಟು, ಎಳೆ ಎಳೆಯುತ್ತಿದ್ದ ಗೃಹಿಣಿಯ ಕೆಲಸವನ್ನು ಈಗ ಹಳದಿ ಎನಾಮೆಲ್ ಬಣ್ಣ ವಹಿಸಿಕೊಂಡಿದೆ. ಒಮ್ಮೆ ಬಳಿದು ಅದರ ಮೇಲೆ ಕೆಂಪು-ಬಿಳಿ ಚುಕ್ಕಿ ಬರೆಸಿಬಿಟ್ಟರೆ ವರ್ಷವಿಡೀ ಮಂಗಳಕರ! ಹೊಳೆಯುವ ಹಳದಿ, ಕಿತ್ತಳೆ, ಕೆಂಪು ಎನಾಮೆಲ್‌ಗಳಿಗೆ ಆ ಹೊಳಪು ಬರುತ್ತಿದ್ದದ್ದು ಬಹುಕಾಲ ಸೀಸದ ಕ್ರೋಮೇಟ್ ಎಂಬ ಲವಣದಿಂದ. ಹೊಸ್ತಿಲು ಅಂಬೆಗಾಲಿಡುವ ಮಗು ಕೈಯೂರುವ ಜಾಗ. ಸವೆದ ಬಣ್ಣದ ಪುಡಿ ಕೈಗೆ, ಕೈಯಿಂದ ಬಾಯಿಗೆ. ಮಗುವಿನ ಮಿದುಳಿಗೆ ಸೀಸದ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಲಿಕೆ ಕುಂಠಿತವಾಗುತ್ತದೆ, ಗಮನ ನಿಲ್ಲುವುದಿಲ್ಲ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಲೋಕದ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸವು ಡೆಸಿಲೀಟರಿಗೆ ಐದು ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚಿದೆ. ಅವರಲ್ಲಿ ಸುಮಾರು 27.5 ಕೋಟಿ ಮಕ್ಕಳು ಭಾರತದವರು. ಬಣ್ಣವೊಂದೇ ಇದಕ್ಕೆ ಕಾರಣವಲ್ಲ. ಹಳೆಯ ಬ್ಯಾಟರಿಗಳನ್ನು ಕರಗಿಸುವ ಕುಲುಮೆ, ಕಲಬೆರಕೆಯ ಮಸಾಲೆ ಪುಡಿ, ಕೆಲವು ಪಾತ್ರೆಗಳೂ ಸೇರಿವೆ. ಆದರೆ ಮನೆಯವರ ಕೈಯಲ್ಲೇ ಇರುವ ಕಾರಣವೆಂದರೆ ಬಣ್ಣ.

ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿ, ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂದಿತು. ಅದು 2017ರ ನವೆಂಬರಿನಿಂದ ಜಾರಿಯಲ್ಲಿದೆ. ಯಂತ್ರೋಪಕರಣಗಳಿಗೆ ಬಳಿಯುವ ಕೈಗಾರಿಕಾ ಬಣ್ಣಗಳು ಈ ನಿಯಮದ ಹೊರಗಿವೆ. ಆದುದರಿಂದ ಟ್ರಾಲಿಗೋ ಗೇಟಿಗೋ ತಂದು ಉಳಿದ ಬಣ್ಣವನ್ನು ಹೊಸ್ತಿಲಿಗೆ, ತೊಟ್ಟಿಲಿಗೆ, ಅಂಗನವಾಡಿಯ ಕಿಟಕಿಗೆ ಬಳಿಯಕೂಡದು. ಡಬ್ಬದ ಮೇಲೆ ಸೀಸದ ಪ್ರಮಾಣ ಅಚ್ಚಾಗಿದೆಯೇ ಎಂದು ವಿದ್ಯಾರ್ಥಿಗಳು ಅಂಗಡಿಯಲ್ಲೇ ಓದಿ ನೋಡಲಿ. ನಿಯಮಕ್ಕಿಂತ ಮುಂಚಿನ ಎನಾಮೆಲ್ ಇನ್ನೂ ಸಾವಿರಾರು ಬಾಗಿಲು, ಕಿಟಕಿ, ಹೊಸ್ತಿಲುಗಳ ಮೇಲೆ ಕೂತಿದೆ. ಅದನ್ನು ಒಣಗಿದಂತೆಯೇ ಉಜ್ಜುಕಾಗದದಿಂದ ಉಜ್ಜಿದರೆ ಸೀಸದ ಧೂಳು ಮನೆಯೆಲ್ಲ ಹರಡುತ್ತದೆ. ನೀರು ಹಾಕಿ ಒದ್ದೆ ಮಾಡಿಕೊಂಡೇ ಕೆರೆಯಬೇಕು, ಕೆರೆದದ್ದನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆಯಬೇಕು, ಆ ದಿನ ಮಕ್ಕಳನ್ನೂ ಬಸುರಿಯರನ್ನೂ ಬೇರೆ ಮನೆಗೆ ಕಳುಹಿಸಬೇಕು. ಗಟ್ಟಿಯಾಗಿ ಕೂತ ಬಣ್ಣವಾದರೆ ಕೆರೆಯದೆ ಅದರ ಮೇಲೇ ಹೊಸ ಬಣ್ಣ ಬಳಿಯುವುದು ಲೇಸು.

ವಿಚಿತ್ರವೆಂದರೆ, ಮಗು ಬಾಯಿಗಿಟ್ಟರೂ ಭಯವಿಲ್ಲದ ಬಣ್ಣದ ವಿದ್ಯೆ ಈ ಜಿಲ್ಲೆಯಲ್ಲೇ ಇದೆ. ಚನ್ನಪಟ್ಟಣದ ಕುಶಲಕರ್ಮಿಗಳು ಆಲೆಮರದ ಬೊಂಬೆಯನ್ನು ಚರಕಿಗೆ ಹಿಡಿದು, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ, ತಿರುಗುವಾಗ ಹುಟ್ಟುವ ಬಿಸಿಯಲ್ಲೇ ಅರಗು ಕರಗಿ ಮೆತ್ತಿಕೊಳ್ಳುವಂತೆ ಮಾಡುತ್ತಾರೆ. ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಅರಿಸಿನ, ನೀಲಿಯಂಥ ಸಸ್ಯಮೂಲದ ಬಣ್ಣಗಳಿಗೆ ಅನೇಕರು ಮರಳಿದ್ದಾರೆ. ಅರಗು ಗೋಡೆಗೆ ಆಗದು, ದುಬಾರಿಯೂ ಹೌದು. ಹೊಸ್ತಿಲಿಗಾದರೆ ಅರಿಸಿನಕ್ಕೇನು ಕೊರತೆ?

ಗೋಡೆಯನ್ನೇ ಮಾರಿಕೊಳ್ಳುವ ಮತ್ತೊಂದು ಪದ್ಧತಿಯೂ ಬೆಳೆದಿದೆ. ರಸ್ತೆಯ ಬದಿಯ ಮನೆಗೆ ಯಾವುದೋ ಸಿಮೆಂಟ್, ಮೊಬೈಲ್, ಗೊಬ್ಬರದ ಕಂಪನಿಯವರು ಬಂದು ಪುಕ್ಕಟೆಯಾಗಿ ಬಣ್ಣ ಬಳಿದು ತಮ್ಮ ಹೆಸರನ್ನು ಆಳೆತ್ತರ ಬರೆದು ಹೋಗುತ್ತಾರೆ. ಬಳಿಯುವುದು ಮುಂಭಾಗದ ಒಂದೇ ಗೋಡೆಗೆ, ಅದೂ ತಮ್ಮ ಕಂಪನಿಯ ಕಡುಬಣ್ಣ. ಮಣ್ಣಿನ ಗೋಡೆಯಾದರೆ ಅದರ ಗತಿ ಮೇಲೆ ಹೇಳಿದ್ದೇ. 2023ರಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಗಿ ವಾಹನಗಳು ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗತೊಡಗಿದ ಮೇಲೆ ಹಳೆಯ ರಸ್ತೆಯ ಗೋಡೆಗಳ ಮೇಲೆ ಯಾರ ಕಣ್ಣು ಬೀಳಬೇಕು? ಕಂಪನಿಗಳು ಕಣ್ಣುಗಳನ್ನು ಹುಡುಕಿಕೊಂಡು ಮುಂದೆ ಹೋಗುತ್ತವೆ. ಉದುರುವ ಬಣ್ಣ ಮನೆಯವರಿಗೆ ಉಳಿಯುತ್ತದೆ. ಜಾಹೀರಾತುಗಳ ಮೇಲೆ ತೆರಿಗೆ ಹಾಕುವ ಅಧಿಕಾರ 1993ರ ಪಂಚಾಯತ್ ರಾಜ್ ಕಾಯ್ದೆಯಿಂದ ಗ್ರಾಮ ಪಂಚಾಯಿತಿಗೆ ದತ್ತವಾಗಿದೆ. ಅದನ್ನು ಚಲಾಯಿಸಿದರೆ 'ಪುಕ್ಕಟೆ ಬಣ್ಣ'ದ ಬೆಲೆ ಎಷ್ಟೆಂದು ಎಲ್ಲರಿಗೂ ತಿಳಿದೀತು. ಚುನಾವಣೆಯಲ್ಲಿ ಮನೆಯವರ ಒಪ್ಪಿಗೆಯಿಲ್ಲದೆ ಗೋಡೆಯ ಮೇಲೆ ಘೋಷಣೆ ಬರೆಯಬಾರದೆಂದು ಮಾದರಿ ನೀತಿ ಸಂಹಿತೆಯೇ ಹೇಳುತ್ತದೆ. ಒಪ್ಪಿಗೆ ಕೇಳುವ ಸೌಜನ್ಯ ಸರ್ಕಾರಗಳಿಗೂ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ರಾಜಸ್ಥಾನದ ದೌಸಾ ಜಿಲ್ಲೆ ಸಾಕ್ಷಿ. 2017ರಲ್ಲಿ ಅಲ್ಲಿ ಪಡಿತರ ಪಡೆಯುವವರ ಮನೆಯ ಗೋಡೆಗಳ ಮೇಲೆ, ತಾವು ಬಡ ಕುಟುಂಬದವರೆಂದು ಸಾರುವ ಸಾಲುಗಳನ್ನು ಬರೆಸಲಾಗಿತ್ತು. ಬಡವನ ಗೋಡೆಯನ್ನು ಯಾರು ಬೇಕಾದರೂ ಸ್ಲೇಟು ಮಾಡಿಕೊಳ್ಳಬಹುದೆಂಬ ಭಾವನೆಯ ಕೊನೆಯ ಹಂತವದು.

ಗೋಡೆ ಸಾಲದೆ ಬಂಡೆಗೂ ಕುಂಚ ಏರುತ್ತದೆ. ಹಿಮಾಚಲದ ಮನಾಲಿ-ರೋಹ್ತಾಂಗ್ ರಸ್ತೆಯ ಬಂಡೆಗಳಿಗೆ ಜಾಹೀರಾತು ಬಳಿದ ತಂಪು ಪಾನೀಯದ ಕಂಪನಿಗಳು 2002ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ನಿಲ್ಲಬೇಕಾಯಿತು. ಬಂಡೆಯ ಬಣ್ಣವನ್ನು ಕೆರೆಯಹೋದರೆ ಅದರ ಮೇಲೆ ಬೆಳೆದ ಕಲ್ಲುಹೂವೂ ಕಿತ್ತುಬರುತ್ತದೆ, ಹೀಗಾಗಿ ಆ ಕೇಡಿಗೆ ಸುಲಭದ ಪರಿಹಾರವಿಲ್ಲ. 2012ರಲ್ಲಿ ರಣಹದ್ದುಗಳಿಗಾಗಿ ವನ್ಯಧಾಮವೆಂದು ಘೋಷಿತವಾದ ರಾಮದೇವರ ಬೆಟ್ಟದಲ್ಲಿ ಹದ್ದುಗಳು ಕೂರುವ ಬಂಡೆಯ ಅಂಚುಗಳನ್ನು ಹಿಕ್ಕೆಯ ಬಿಳಿಯ ಗೆರೆಗಳಿಂದಲೇ ಗುರುತಿಸುತ್ತಾರೆ. ಈ ಬೆಟ್ಟಗಳಿಗೆ ಅಷ್ಟು ಸುಣ್ಣ ಸಾಕು. ಬಾಣದ ಗುರುತು, ಪ್ರೇಮಿಗಳ ಹೆಸರು, ಸಂಘದ ಹೆಸರು ಬರೆಯುವ ಚಾರಣಿಗರು ಡಬ್ಬವನ್ನು ಮನೆಯಲ್ಲೇ ಬಿಟ್ಟು ಬರಲಿ.

ಖಾದಿ ಗ್ರಾಮೋದ್ಯೋಗ ಆಯೋಗವು 2021ರ ಜನವರಿಯಲ್ಲಿ ಸೆಗಣಿಯಿಂದ ಮಾಡಿದ ಬಣ್ಣವನ್ನು ಮಾರುಕಟ್ಟೆಗೆ ತಂದಿತು. ಆಗ ಡಿಸ್ಟೆಂಪರಿನ ಬೆಲೆ ಲೀಟರಿಗೆ 120 ರೂಪಾಯಿ, ಎಮಲ್ಶನ್ನಿನದು 225 ರೂಪಾಯಿ. ಕೊಟ್ಟಿಗೆಯ ಸೆಗಣಿ ಡಬ್ಬ ಸೇರಿ ಜಗಲಿಗೆ ಹಿಂದಿರುಗುವ ಈ ಪಯಣ ಕೆಲವರಿಗೆ ನಗು ತರಿಸಬಹುದು. ಸಿಮೆಂಟ್ ಗೋಡೆಯ ಮನೆಯವರು ಪ್ರಯತ್ನಿಸಿ ನೋಡಲು ಅಡ್ಡಿಯಿಲ್ಲ. ಮಣ್ಣಿನ ಮನೆಯವರಿಗೆ ಮಾತ್ರ ಅದರ ಅಗತ್ಯವಿಲ್ಲ.

ಸುಣ್ಣಕ್ಕೆ ಮರಳುವವರು ಹಳೆಯ ಕಷ್ಟಗಳಿಗೆ ಮರಳಬೇಕಿಲ್ಲ. ಸುಟ್ಟ ಸುಣ್ಣವನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅರಳಿಸಬಾರದು, ಕುದಿಯುವ ಶಾಖಕ್ಕೆ ಅದು ಮೆತ್ತಗಾಗಿ ಒಡೆದೀತು. ನೆಲದಲ್ಲಿ ಗುಂಡಿ ತೋಡಿಯೋ ಕಬ್ಬಿಣದ ಡ್ರಮ್ಮಿನಲ್ಲೋ ನೀರು ತುಂಬಿಟ್ಟು ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಅದಕ್ಕೆ ಹಾಕಬೇಕು, ಮಕ್ಕಳನ್ನು ದೂರವಿಡಬೇಕು. ವಾರವೊಪ್ಪತ್ತು ನೆನೆದಷ್ಟೂ ಒಳ್ಳೆಯದು. ಬಟ್ಟೆಯಲ್ಲಿ ಸೋಸಿ, ಮೈಕೈಗೆ ಅಂಟದಿರಲೆಂದು ಅಕ್ಕಿಯ ಗಂಜಿಯನ್ನೋ ಗೋಂದನ್ನೋ ಒಂದು ಹಿಡಿ ಉಪ್ಪನ್ನೋ ಬೆರೆಸಿ, ಗೋಡೆಗೆ ನೀರು ಚಿಮುಕಿಸಿ, ಹಾಲಿನಂತೆ ತೆಳುವಾಗಿ ಎರಡು ಮೂರು ಸಲ ಬಳಿಯಬೇಕು. ಒಮ್ಮೆಲೇ ದಪ್ಪಗೆ ಬಳಿದ ಸುಣ್ಣವೇ ಬಟ್ಟೆಗೆ ಅಂಟುವುದು, ಹೊಪ್ಪಳೆ ಏಳುವುದು. ಉರಿಬಿಸಿಲಿನಲ್ಲಿ ಬಳಿಯಬಾರದು. ಬಣ್ಣ ಬೇಕೆನ್ನುವವರು ಸೋಸಿದ ಕೆಮ್ಮಣ್ಣನ್ನೋ ಜೇಡಿಯನ್ನೋ ಅದರಲ್ಲೇ ಕದಡಬಹುದು. ಕೈಗೆ ರಬ್ಬರಿನ ಕೈಚೀಲ, ಕಣ್ಣಿಗೆ ಕನ್ನಡಕ ಕಡ್ಡಾಯ. ಗಂಡಸರೂ ಕುಂಚ ಹಿಡಿದರೆ ಕೆಲಸ ಒಂದು ದಿನದಲ್ಲಿ ಮುಗಿಯುತ್ತದೆ.

ಸಂತೆಯಲ್ಲಿ ಒಳ್ಳೆಯ ಸುಣ್ಣವೇ ಸಿಗದು ಎಂಬ ದೂರಿದೆ. ಗ್ರಾನೈಟ್ ಬೆಟ್ಟಗಳ ಈ ಸೀಮೆಗೆ ಸುಣ್ಣ ಹೊರಗಿನಿಂದಲೇ ಬರಬೇಕು. ಬರುತ್ತಲೂ ಇದೆ, ಪ್ರತಿ ಬೆಳೆಗೂ ಹುಳುವಿನ ತಟ್ಟೆಗಾಗಿ. ಊರಿನ ಬೆಳೆಗಾರರು, ಹಾಲಿನ ಡೇರಿಯವರು, ಮಹಿಳಾ ಸಂಘದವರು ಕೂಡಿ ಹುಳುವಿನ ಸುಣ್ಣದ ಜೊತೆಗೇ ಗೋಡೆಗೂ ಬೇಕಾದಷ್ಟನ್ನು ಹಬ್ಬಕ್ಕೆ ಒಂದು ತಿಂಗಳು ಮುಂಚೆ ತರಿಸಿಕೊಂಡರೆ ಸಾಗಾಣಿಕೆಯ ಖರ್ಚು ಹಂಚಿಹೋಗುತ್ತದೆ. ಬಾಯಿ ಬಿಚ್ಚಿ ಬಹುದಿನ ಇಟ್ಟ ಚೀಲವನ್ನು ಮಾತ್ರ ಕೊಳ್ಳಬಾರದು. ಗಾಳಿ ಸೋಕಿದ ಸುಣ್ಣ ಚೀಲದಲ್ಲೇ ಕಲ್ಲಿನ ಪುಡಿಯಾಗಿರುತ್ತದೆ. ಅದನ್ನು ಎಷ್ಟು ಬಳಿದರೂ ಗೋಡೆ ಹಿಡಿಯುವುದಿಲ್ಲ.